ಮೂರು ನಿಮಿಷದ ಗಡಿಯಾರ

ರೋಮಾಂಚಕ ಚಲಚ್ಚಿತ್ರವೊಂದು ಪ್ರಾರಂಭವಾಗಿ ಐದು ನಿಮಿಷವೂ ಕಳೆದಿರುವುದಿಲ್ಲ. ಪ್ರೇಕ್ಷಕನ ಎದೆ ಆಗಲೇ ಡವಡವಿಸತೊಡಗಿರುತ್ತದೆ. ತೆರೆಯ ಮೇಲೆ ರಕ್ತವಿಲ್ಲ, ಭೂತವಿಲ್ಲ, ಕಿರುಚಾಟವಿಲ್ಲ. ಹಾಗಾದರೆ ಈ ಭಯ ಬಂದುದೆಲ್ಲಿಂದ? ಆರ್ಸನ್ ವೆಲ್ಸ್ ನಿರ್ದೇಶಿಸಿ 1958ರಲ್ಲಿ ತೆರೆಕಂಡ ‘ಟಚ್ ಆಫ್ ಈವಿಲ್’ ಎಂಬ ಅಮೆರಿಕನ್ ಚಿತ್ರದ ಮೊದಲ ದೃಶ್ಯವನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಕಥೆ ನಡೆಯುವುದು ಮೆಕ್ಸಿಕೋ ಮತ್ತು ಅಮೆರಿಕಗಳ ಗಡಿಯ ಊರೊಂದರಲ್ಲಿ. ಈ ದೃಶ್ಯದ ಚಿತ್ರೀಕರಣ ಮಾತ್ರ ಕ್ಯಾಲಿಫೋರ್ನಿಯದ ವೆನಿಸ್‌ನಲ್ಲಿ. ಮೊದಲು ಕಾಣುವುದು ಕೈಯಲ್ಲಿ ಹಿಡಿದ ಟೈಂಬಾಂಬು. ಅದರ ಮುಳ್ಳನ್ನು ಸುಮಾರು ಮೂರು ನಿಮಿಷಕ್ಕೆ ತಿರುಗಿಸಿ, ಆ ಮನುಷ್ಯ ಅದನ್ನು ಒಂದು ಕಾರಿನ ಡಿಕ್ಕಿಯೊಳಗಿಟ್ಟು ಕಣ್ಮರೆಯಾಗುತ್ತಾನೆ. ಏನೊಂದೂ ಅರಿಯದ ಗಂಡಸು ಹೆಂಗಸರಿಬ್ಬರು ಕಾರನ್ನೇರಿ ಹೊರಡುತ್ತಾರೆ. ಕ್ರೇನಿನ ಮೇಲಿನ ಕ್ಯಾಮರಾ ಮನೆಗಳ ಮೇಲಕ್ಕೇರಿ, ಮತ್ತೆ ಬೀದಿಗಿಳಿದು, ಆ ಕಾರಿನ ಮುಂದೆ ಮುಂದೆ ಸಾಗುತ್ತದೆ. ಅದೇ ಬೀದಿಯಲ್ಲಿ ಕಥಾನಾಯಕನೂ ಅವನ ನವವಧುವೂ ಕಾಲ್ನಡಿಗೆಯಲ್ಲಿ ಬರುತ್ತಿದ್ದಾರೆ. ಕಾರು ಒಮ್ಮೆ ಮುಂದಾಗುತ್ತದೆ, ಒಮ್ಮೆ ಆಡುಗಳ ಹಿಂಡು ಅಡ್ಡಬಂದು ನಿಲ್ಲುತ್ತದೆ. ಸುಂಕದ ಕಟ್ಟೆಯಲ್ಲಂತೂ ದಂಪತಿಗಳ ಪಕ್ಕದಲ್ಲಿಯೇ ಇರುತ್ತದೆ. ತನ್ನ ತಲೆಯೊಳಗೆ ಟಿಕ್ ಟಿಕ್ ಸದ್ದಾಗುತ್ತಿದೆಯೆಂದು ಕಾರಿನಲ್ಲಿದ್ದ ಹೆಂಗಸು ಹೇಳುತ್ತಾಳೆ, ಯಾರೂ ಕಿವಿಗೊಡುವುದಿಲ್ಲ. ಕಾರು ಗಡಿ ದಾಟುತ್ತದೆ. ದಂಪತಿಗಳು ಮುತ್ತಿಡುವಷ್ಟರಲ್ಲಿ ಸ್ಫೋಟ!

ಸ್ಫೋಟದ ಸದ್ದಿನವರೆಗೆ ಇದೆಲ್ಲವೂ ಎಲ್ಲಿಯೂ ಕತ್ತರಿ ಬೀಳದ ಒಂದೇ ಚಿತ್ರಿಕೆ. ಅವಧಿ ಸುಮಾರು 3 ನಿಮಿಷ 20 ಸೆಕೆಂಡು. ಸೆಕೆಂಡಿಗೆ 24 ಬಿಂಬಗಳಂತೆ 4,800 ಬಿಂಬಗಳು. ಅಡಿಗೆ 16 ಬಿಂಬಗಳುಳ್ಳ 35 ಮಿಲಿಮೀಟರ್ ಫಿಲ್ಮಿನಲ್ಲಿ 300 ಅಡಿ. ಸಂಕಲನಕಾರನು ಸಾಮಾನ್ಯವಾಗಿ ಚೂರುಗಳನ್ನು ಜೋಡಿಸಿ ಒಂದು ನಿಮಿಷವನ್ನು ಐದಾಗಿ ಹಿಗ್ಗಿಸಬಲ್ಲನು, ಒಂದು ಗಂಟೆಯನ್ನು ಕ್ಷಣಕ್ಕೆ ಕುಗ್ಗಿಸಬಲ್ಲನು. ಇಲ್ಲಿ ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡಲಾಗಿದೆ. ಬಾಂಬಿನ ಗಡಿಯಾರ, ತೆರೆಯ ಕಾಲ, ನಮ್ಮ ಕೈಗಡಿಯಾರ ಮೂರೂ ಒಂದೇ ವೇಗದಲ್ಲಿ ನಡೆಯುತ್ತವೆ. ನಾವು ನಮಗರಿವಿಲ್ಲದೆಯೇ ಎಣಿಸತೊಡಗುತ್ತೇವೆ. ಮೇಜಿನ ಕೆಳಗೆ ಬಾಂಬಿರುವುದು ಪ್ರೇಕ್ಷಕನಿಗೆ ತಿಳಿಯದಿದ್ದರೆ ಸಿಗುವುದು ಕೆಲವು ಸೆಕೆಂಡುಗಳ ಬೆಚ್ಚು, ತಿಳಿದಿದ್ದರೆ ಹಲವು ನಿಮಿಷಗಳ ಉದ್ವೇಗ ಎಂದು ಆಲ್ಫ್ರೆಡ್ ಹಿಚ್‌ಕಾಕ್ ವಿವರಿಸುತ್ತಿದ್ದುದು ಈ ತತ್ತ್ವವನ್ನೇ.

ಆದರೆ ಕತ್ತರಿಯಿಲ್ಲದಿದ್ದರೆ ಪ್ರೇಕ್ಷಕನ ಕಣ್ಣನ್ನು ಕಾರಿನಿಂದ ದಂಪತಿಗಳತ್ತ ಸೆಳೆಯುವುದು ಹೇಗೆ? ಇಲ್ಲಿ ದ್ಯುತಿಶಾಸ್ತ್ರ ನೆರವಾಗುತ್ತದೆ. ವೆಲ್ಸ್ ಮತ್ತು ಛಾಯಾಗ್ರಾಹಕ ರಸೆಲ್ ಮೆಟ್ಟಿ ಈ ಚಿತ್ರದಲ್ಲಿ ಬಹುವಾಗಿ ಬಳಸಿದ್ದು 18.5 ಮಿಲಿಮೀಟರ್ ನಾಭಿದೂರದ ಮಸೂರ. ಮಸೂರದ ರಂಧ್ರಸಂಖ್ಯೆ ಒಂದೇ ಆಗಿದ್ದಲ್ಲಿ, ಯಾವ ದೂರಕ್ಕೆ ಮಸೂರವನ್ನು ಹೊಂದಿಸಿದರೆ ಅದರಾಚೆಯದೆಲ್ಲವೂ ಸ್ಪಷ್ಟವಾಗಿ ಮೂಡುವುದೋ ಆ ದೂರವು ನಾಭಿದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಾಧಾರಣ 50 ಮಿಲಿಮೀಟರ್ ಮಸೂರಕ್ಕೆ ಹೋಲಿಸಿದರೆ ಇದು ಸುಮಾರು ಏಳರಲ್ಲೊಂದು ಪಾಲು! ಆದ್ದರಿಂದಲೇ ಹತ್ತಿರದ ಮುಖಗಳೂ ದೂರದ ಕಾರೂ ಏಕಕಾಲದಲ್ಲಿ ಸ್ಪಷ್ಟವಾಗಿರಬಲ್ಲವು. ನಗುತ್ತ ನಡೆಯುವ ಜೋಡಿ, ಅವರ ಬೆನ್ನ ಹಿಂದೆ ಸಾವು: ಎರಡೂ ಒಂದೇ ಚೌಕಟ್ಟಿನಲ್ಲಿ. ಅಪಾಯದತ್ತ ಬೆರಳು ತೋರಿಸುವವರು ಯಾರೂ ಇಲ್ಲ. ನಮ್ಮ ಕಣ್ಣೇ ಹುಡುಕಿ ಕಂಡುಕೊಳ್ಳಬೇಕು.

ಇನ್ನು ಧ್ವನಿ. ಬೀದಿಯ ಒಂದೊಂದು ಪಾನಗೃಹವನ್ನು ದಾಟುವಾಗಲೂ ಒಂದೊಂದು ವಾದ್ಯಮೇಳ ಕೇಳಬೇಕೆಂಬುದು ವೆಲ್ಸ್‌ನ ಯೋಜನೆ. ಯೂನಿವರ್ಸಲ್ ಸಂಸ್ಥೆಯು ಚಿತ್ರವನ್ನು ಅವನ ಕೈಯಿಂದ ತೆಗೆದುಕೊಂಡು ತಿದ್ದಿದಾಗ, 1957ರ ಡಿಸೆಂಬರಿನಲ್ಲಿ ಅವನು 58 ಪುಟಗಳ ಟಿಪ್ಪಣಿ ಬರೆದು ಇದನ್ನೂ ನೆನಪಿಸಿದನು. ಫಲವಾಗಲಿಲ್ಲ. ತೆರೆಕಂಡ ಪ್ರತಿಯಲ್ಲಿ ಇಡೀ ದೃಶ್ಯದ ಮೇಲೆ ಹೆಸರುಗಳ ಪಟ್ಟಿ, ಹೆನ್ರಿ ಮ್ಯಾನ್ಸಿನಿಯ ಸಂಗೀತ. ಸಂಗೀತ ಸೊಗಸಾದುದೇ, ಆದರೆ ಅದು ದೃಶ್ಯಕ್ಕೆ ಹೊದಿಸಿದ ಕಂಬಳಿಯಾಯಿತೆಂದು ನಮ್ಮ ಅಭಿಪ್ರಾಯ. ವೆಲ್ಸ್ 1985ರಲ್ಲಿ ತೀರಿಕೊಂಡನು. ವಾಲ್ಟರ್ ಮರ್ಚ್ ಆ ಟಿಪ್ಪಣಿಯಂತೆ ಚಿತ್ರವನ್ನು ಮತ್ತೆ ಸಂಕಲಿಸಿದ್ದು 1998ರಲ್ಲಿ.

ಈ ಪ್ರತಿಯಲ್ಲಿ ಕಾರಿನ ರೇಡಿಯೋ ಕೇಳಿಸುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕಿಳಿಯುತ್ತದೆ. ಬೀದಿಯ ಗೋಡೆಗಳು ಈ ಲೆಕ್ಕವನ್ನು ತುಸು ಕೆಡಿಸಿದರೂ ಕಿವಿಗೆ ಅಷ್ಟು ಸಾಕು. ಹಾಡು ಏರಿತೆಂದರೆ ಬಾಂಬು ಬಳಿಗೆ ಬಂದಿತು. ಇಳಿಯಿತೆಂದರೆ ದೂರ ಸರಿಯಿತು. ಕಾರು ಚೌಕಟ್ಟಿನ ಹೊರಗಿರುವಾಗಲೂ ಅದು ಎಷ್ಟು ದೂರದಲ್ಲಿದೆಯೆಂಬುದನ್ನು ಆ ಹಾಡು ತಿಳಿಸುತ್ತಲೇ ಇರುತ್ತದೆ.