ಅದಿರಿಗೆ ಬೆಲ್ಟ್ ಬಂತು, ಜನರಿಗೆ ಪಾಡ್ ಟ್ಯಾಕ್ಸಿ ಯಾಕೆ ಬರಲ್ಲ?

ಸಂಡೂರಿನ ಗಣಿ ಭಾಗದಿಂದ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆವರೆಗೆ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಇದೆ. ರಬ್ಬರ್ ಬೆಲ್ಟ್ ಕೊಳವೆಯ ಹಾಗೆ ಸುತ್ತಿಕೊಂಡು, ಹೊಟ್ಟೆಯಲ್ಲಿ ಅದಿರು ತುಂಬಿಕೊಂಡು ಹೋಗುತ್ತೆ. ಡ್ರೈವರ್ ಇಲ್ಲ, ಟ್ರಾಫಿಕ್ ಇಲ್ಲ, ಧೂಳು ಕಡಿಮೆ. ಅದೇ ಸಂಡೂರಿನಿಂದ ಹೊಸಪೇಟೆಗೆ ಬರುವ ವಿದ್ಯಾರ್ಥಿಗೆ ಮಾತ್ರ ಬಸ್ಸು, ಬಸ್ಸಿನ ಮುಂದೆ ಲಾರಿ, ಲಾರಿಯ ಹಿಂದೆ ಕೆಂಪು ಧೂಳು.

ಅದಿರಿಗೆ ಆಗೋದು ಮನುಷ್ಯರಿಗೆ ಯಾಕಾಗಲ್ಲ? ಪೆದ್ದು ಪ್ರಶ್ನೆಯೇನಲ್ಲ. 1960ರ ದಶಕದಿಂದಲೂ ಎಂಜಿನಿಯರ್‌ಗಳು ಇದರ ಬೆನ್ನು ಬಿದ್ದಿದ್ದಾರೆ. ಅವರ ಉತ್ತರದ ಹೆಸರು ಪರ್ಸನಲ್ ರ್‍ಯಾಪಿಡ್ ಟ್ರಾನ್ಸಿಟ್, ನಮ್ಮ ಪೇಪರ್‌ಗಳ ಭಾಷೆಯಲ್ಲಿ ಪಾಡ್ ಟ್ಯಾಕ್ಸಿ.

ಕಲ್ಪನೆ ಸರಳ. ನೆಲದಿಂದ ಮೇಲೆ ಕಂಬಗಳ ಮೇಲೊಂದು ಕಿರಿದಾದ ದಾರಿ. ಅದರ ಮೇಲೆ ನಾಲ್ಕೈದು ಜನ ಕೂರುವ, ಡ್ರೈವರ್ ಇಲ್ಲದ ಪುಟ್ಟ ಬ್ಯಾಟರಿ ಗಾಡಿಗಳು. ನಿಲ್ದಾಣಗಳು ಮುಖ್ಯ ದಾರಿಯ ಪಕ್ಕದ ಕವಲಿನಲ್ಲಿ ಇರುತ್ತವೆ. ಹಾಗಾಗಿ ಒಂದು ಗಾಡಿ ನಿಂತರೆ ಹಿಂದಿನದು ನಿಲ್ಲಬೇಕಿಲ್ಲ. ನೀವು ಬಂದು ಬಟನ್ ಒತ್ತಿದರೆ ಗಾಡಿ ಬರುತ್ತೆ, ನಡುವೆ ಎಲ್ಲೂ ನಿಲ್ಲದೆ ನಿಮ್ಮ ಸ್ಟಾಪಿಗೇ ಬಿಡುತ್ತೆ. ಬಸ್ಸಿನ ಬೆಲೆಗೆ ಆಟೋದ ಸುಖ ಅನ್ನೋದು ಆಸೆ.

ಇದು ಎಲ್ಲಿ ನಡೆದಿದೆ ನೋಡಿ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 2011ರಿಂದ ಓಡುತ್ತಿದೆ: 21 ಗಾಡಿ, ಸುಮಾರು 3.8 ಕಿ.ಮೀ. ದಾರಿ, ಕಾರ್ ಪಾರ್ಕಿಂಗ್‌ನಿಂದ 5ನೇ ಟರ್ಮಿನಲ್‌ಗೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್‌ನಲ್ಲಿ 1975ರಿಂದ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳನ್ನು ಜೋಡಿಸಿದೆ. ಅಬುಧಾಬಿಯ ಮಸ್ದರ್ ನಗರದಲ್ಲಿ ಇಡೀ ಊರನ್ನೇ ಪಾಡ್ ಮೇಲೆ ಓಡಿಸ್ತೀವಿ ಅಂದರು. 2010ರಲ್ಲಿ ಒಂದು ಚಿಕ್ಕ ತುಣುಕು ಶುರುವಾಯಿತು, ಊರಿಗೆಲ್ಲ ಹರಡುವ ಯೋಜನೆ ಕೈಬಿಟ್ಟರು.

ಭಾರತದ ಲೆಕ್ಕ ಇನ್ನೂ ಚಿಕ್ಕದು. ಅಮೃತಸರದಲ್ಲಿ ರೈಲು ನಿಲ್ದಾಣದಿಂದ ಸ್ವರ್ಣಮಂದಿರಕ್ಕೆ ಪಾಡ್ ಅಂತ 2011ರಲ್ಲಿ ಘೋಷಣೆಯಾಯಿತು, ಓಡಲಿಲ್ಲ. 2017ರಲ್ಲಿ ಬಿಬಿಎಂಪಿ ಟ್ರಿನಿಟಿಯಿಂದ ವೈಟ್‌ಫೀಲ್ಡ್ ಕಡೆಗೆ ಪಾಡ್ ಟ್ಯಾಕ್ಸಿ ಮಾತಾಡಿತು. ಆ ದಾರಿಗೆ ಕೊನೆಗೆ ಬಂದದ್ದು 2023ರಲ್ಲಿ ಪೂರ್ತಿಯಾದ ಮೆಟ್ರೊ. ಬೆಂಗಳೂರು ವಿಮಾನ ನಿಲ್ದಾಣದವರು 2020ರಲ್ಲಿ ವರ್ಜಿನ್ ಹೈಪರ್‌ಲೂಪ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದೂ ನೆನಪಿರಬಹುದು. ಅದು ಪಾಡ್ ಟ್ಯಾಕ್ಸಿ ಅಲ್ಲ, ಆದರೆ ಅದೇ ಕುಟುಂಬದ ಕನಸು. ಆ ಕಂಪನಿಯೇ 2023ರ ಕೊನೆಗೆ ಬಾಗಿಲು ಹಾಕಿತು.

ತಂತ್ರಜ್ಞಾನ ಕೆಟ್ಟದಾ? ಅಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ, ಇದಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಕಾಗಿಲ್ಲ.

ಆರು ಸೆಕೆಂಡಿನ ಲೆಕ್ಕ

ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 11 ಮೀಟರ್. ಮುಂದಿನ ಗಾಡಿ ಗೋಡೆಗೆ ಗುದ್ದಿದ ಹಾಗೆ ಥಟ್ಟನೆ ನಿಂತರೂ ಹಿಂದಿನದು ಡಿಕ್ಕಿ ಹೊಡೆಯಬಾರದು ಅನ್ನೋದು ರೈಲ್ವೆಯ ಹಳೆಯ ಸುರಕ್ಷತಾ ನಿಯಮ. ಕೂತವರು ಮುಗ್ಗರಿಸದ ಹಾಗೆ ಬ್ರೇಕ್ ಹಾಕಿದರೆ ನಿಲ್ಲೋಕೆ ನಾಲ್ಕೂವರೆ ಸೆಕೆಂಡ್, 25 ಮೀಟರ್ ಬೇಕು. ಸ್ವಲ್ಪ ಅಂಚು ಸೇರಿಸಿ ಆರು ಸೆಕೆಂಡಿಗೊಂದು ಗಾಡಿ ಅಂತ ಇಟ್ಟುಕೊಳ್ಳಿ. ಗಂಟೆಗೆ 600 ಗಾಡಿ.

ನಾಲ್ಕೂ ಸೀಟು ತುಂಬಿದರೆ 2,400 ಜನ. ಆದರೆ ಇದು ‘ಪರ್ಸನಲ್’ ತಾನೆ? ಗುರುತಿಲ್ಲದವರ ಜೊತೆ ಕೂರಬೇಕಿಲ್ಲ ಅನ್ನೋದೇ ಇದರ ಮಾರಾಟದ ಮಾತು. ಸರಾಸರಿ ಇಬ್ಬರು ಅಂದರೆ 1,200 ಜನ. ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೊರಟಾಗ ಅಷ್ಟೂ ಗಾಡಿ ಖಾಲಿಯಾಗಿ ವಾಪಸ್ ಓಡಬೇಕು. ಈಗ ಬಸ್ ನೋಡಿ: ಮೂರು ನಿಮಿಷಕ್ಕೊಂದು ಬಸ್, ಬಸ್ಸಿಗೆ 60 ಜನ. ಅದೂ ಗಂಟೆಗೆ 1,200. ಕಂಬ ನೆಡಬೇಕಿಲ್ಲ.

ಸೆಕೆಂಡುಗಳ ಅಂತರ ಇನ್ನೂ ಇಳಿಸಬಹುದು ಅಂತ ಪಾಡ್ ಕಂಪನಿಗಳು ಹೇಳುತ್ತವೆ. ಇಳಿಸಿದರೆ ಸುರಕ್ಷತೆಯ ಹಳೆಯ ನಿಯಮ ಬಿಡಬೇಕು. ಮಾರ್ಗನ್‌ಟೌನ್ ಏನು ಮಾಡಿತು ಗೊತ್ತಾ? ಅಲ್ಲಿನ ಗಾಡಿಯಲ್ಲಿ ನಿಂತವರೂ ಸೇರಿ 20 ಜನ ಹಿಡಿಯುತ್ತಾರೆ, ರಶ್ ಇದ್ದಾಗ ಕರೆದಾಗ ಬರುವ ವ್ಯವಸ್ಥೆ ಬಿಟ್ಟು ವೇಳಾಪಟ್ಟಿ ಪ್ರಕಾರ ಓಡಿಸುತ್ತಾರೆ. ಅಂದರೆ ಜನ ಜಾಸ್ತಿಯಾದಾಗ ಪಾಡ್ ಕೂಡ ಬಸ್ಸಾಗುತ್ತೆ!

ಮುಂಬೈನ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕ ಪಾಡ್ ಯೋಜನೆಗೆ ನಾನು ತಮಾಷೆ ಮಾಡಲ್ಲ. ಎರಡು ಲೋಕಲ್ ನಿಲ್ದಾಣಗಳ ನಡುವೆ ಒತ್ತೊತ್ತಾಗಿ ಕಚೇರಿಗಳು, ಕಿಸೆಯಲ್ಲಿ ದುಡ್ಡಿರುವ ಪ್ರಯಾಣಿಕರು, ಒಂದೇ ಪ್ರಾಧಿಕಾರದ ಜಾಗ. ಸುಮಾರು 8.8 ಕಿ.ಮೀ.ಗೆ ಅಂದಾಜು ಸಾವಿರ ಕೋಟಿ ರೂಪಾಯಿ ದಾಟಿದೆ, ಕಿಲೋಮೀಟರಿಗೆ ನೂರು ಕೋಟಿಗೂ ಮೇಲೆ. ಒಂದು ಡೀಸೆಲ್ ಬಸ್ಸಿಗೆ ಅರ್ಧ ಕೋಟಿ ಅಂದುಕೊಂಡರೆ, ಒಂದು ಕಿಲೋಮೀಟರ್ ಪಾಡ್ ದಾರಿಗೆ ಇನ್ನೂರಕ್ಕೂ ಹೆಚ್ಚು ಬಸ್.

ಹಂಪಿಯಲ್ಲಿ ಪಾಡ್ ಆಗಲೇ ಇದೆ

ನಮ್ಮ ಕಡೆ ಹೀಥ್ರೂ ಪಾರ್ಕಿಂಗ್‌ಗೆ ಅತೀ ಹತ್ತಿರದ ಜಾಗ ಯಾವುದು ಅಂದರೆ ಗೆಜ್ಜಲ ಮಂಟಪ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವವರು ಕಾರು, ಬಸ್ಸು ಅಲ್ಲೇ ಬಿಟ್ಟು ಬ್ಯಾಟರಿ ಗಾಡಿ ಹತ್ತಬೇಕು. ಕಲ್ಲಿನ ತೇರು, ಸಂಗೀತದ ಕಂಬಗಳಿಗೆ ಹೊಗೆ, ಕಂಪನ ತಾಗಬಾರದು ಅನ್ನೋದು ಉದ್ದೇಶ. ದಾರಿ ಒಂದೇ, ಹತ್ತುವ ಜಾಗ ಒಂದು, ಇಳಿಯುವ ಜಾಗ ಒಂದು, ನಡೆಸುವವರು ಒಬ್ಬರೇ: ಪಾಡ್ ಗೆಲ್ಲೋಕೆ ಬೇಕಾದ ಎಲ್ಲ ಷರತ್ತೂ ಇವೆ. ಆದರೂ ಅಲ್ಲಿ ಕಂಬದ ಮೇಲಿನ ದಾರಿ ಬೇಕಾಗಲಿಲ್ಲ. ಸ್ಥಳೀಯ ಹೆಣ್ಣುಮಕ್ಕಳೇ ಗಾಡಿ ಓಡಿಸ್ತಾರೆ. ರಜೆ ದಿನ ಸಾಲು ಉದ್ದ ಆಗುತ್ತೆ ನಿಜ. ಅದಕ್ಕೆ ಮದ್ದು ಇನ್ನಷ್ಟು ಗಾಡಿ, ಇನ್ನಷ್ಟು ಚಾಲಕಿಯರು. ಡ್ರೈವರ್ ಇಲ್ಲದ ಗಾಡಿ ತಂದು ಆ ಕೆಲಸ ಕಿತ್ತುಕೊಳ್ಳುವುದು ಯಾವ ಪ್ರಗತಿ?

ಹಂಪಿಯಲ್ಲಿ ಕಂಬ ನೆಡೋದರ ಬೆಲೆಯೂ ನಮಗೆ ಗೊತ್ತಿದೆ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಹಂಪಿಯನ್ನು ಯುನೆಸ್ಕೊ 1999ರಲ್ಲಿ ಅಪಾಯದ ಪಟ್ಟಿಗೆ ಹಾಕಿತು. ಕಾರಣ, ಆನೆಗೊಂದಿ ಭಾಗದ ಸೇತುವೆ ಕಾಮಗಾರಿಗಳು. ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಆ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿದು ಕೂಲಿಕಾರರ ಜೀವ ತೆಗೆಯಿತು. ನದಿ ದಾಟಬೇಕಾದ ಊರಿನವರ ಅಗತ್ಯ ಸುಳ್ಳಲ್ಲ. ಅವರಿಗೇ ಅಷ್ಟು ಕಾಯಿಸಿದ ಜಾಗದಲ್ಲಿ ಪ್ರವಾಸಿಗರ ಪಾಡ್‌ಗೆ ಕಂಬ ನೆಡಿ ಅಂತ ಕೇಳೋಕೆ ಬಾಯಿ ಬರಬೇಕಲ್ಲ.

ಇನ್ನು ವಿಮಾನ ನಿಲ್ದಾಣ. ತೋರಣಗಲ್ಲಿನ ವಿದ್ಯಾನಗರದಲ್ಲಿ ಇಳಿದವರು ಹಂಪಿಗೆ ಬರೋದು ಸಾಮಾನ್ಯವಾಗಿ ಟ್ಯಾಕ್ಸಿಯಲ್ಲಿ. ಅಲ್ಲಿಗೆ ಬರೋದು ಚಿಕ್ಕ ವಿಮಾನಗಳು, ಎಪ್ಪತ್ತು ಸೀಟಿನ ಆಸುಪಾಸು. ಎಲ್ಲರೂ ಹಂಪಿಗೇ ಹೊರಟರೂ ಎರಡು ಬಸ್ ಸಾಕು. ಪಾಡ್‌ಗೆ ದಿನವಿಡೀ ಹನಿಹನಿಯಾಗಿ ಬರುವ ಜನ ಬೇಕು, ಹೀಥ್ರೂ ಹಾಗೆ.

ಅದಿರು ಬಸ್ ತಪ್ಪಿಸಿಕೊಳ್ಳಲ್ಲ

ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದಿರಿಗೆ ಮಾಲೀಕ ಒಬ್ಬ, ಹೊರಡೋದು ಒಂದು ಕಡೆ, ಸೇರೋದು ಒಂದು ಕಡೆ, ಹಗಲು ರಾತ್ರಿ ಒಂದೇ ಸಮ. ಬೆಲ್ಟಿಗೆ ಹಾಕಿದ ದುಡ್ಡು ವಾಪಸ್ ಬರುತ್ತೆ ಅಂತ ಲೆಕ್ಕ ಹಾಕಬಹುದು. ಕಂಪ್ಲಿಯಿಂದ ಹೊಸಪೇಟೆಗೆ ಬರುವವರು ಹಾಗಲ್ಲ. ಒಬ್ಬರು ಕಾಲೇಜಿಗೆ, ಒಬ್ಬರು ಆಸ್ಪತ್ರೆಗೆ, ಒಬ್ಬರು ಮೂಟೆ ಹಿಡಿದು ಸಂತೆಗೆ. ಮಧ್ಯದ ಹತ್ತು ಹಳ್ಳಿಯಲ್ಲಿ ಹತ್ತೋರು, ಇಳಿಯೋರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ ಉಚಿತ. ಖಾಸಗಿ ಬಂಡವಾಳದ ಪಾಡ್ ಹಾಗೆ ಓಡುತ್ತಾ? ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ದಾರಿ ಬಂದ್ ಆಗುತ್ತೆ. ಅಲ್ಲಿಯವರು ಕೇಳ್ತಿರೋದು ಎತ್ತರದ ಸೇತುವೆ.

ಪಾಡ್‌ನಿಂದ ಕದಿಯಬಹುದಾದ ಒಂದು ಒಳ್ಳೆಯ ವಿಚಾರ ಇದೆ: ಕರೆದಾಗ ಬರುವ ಗಾಡಿ. ಅದಕ್ಕೆ ಕಂಬ ಬೇಡ. ಸಂಜೆ ಏಳರ ಮೇಲೆ ಬಸ್ ಇಲ್ಲದ ಹಳ್ಳಿಗೆ ಸಾರಿಗೆ ಸಂಸ್ಥೆಯೇ ಮಿನಿಬಸ್ಸೋ, ಒಪ್ಪಂದದ ಟಂಟಂ ಗಾಡಿಯೋ ಫೋನ್ ಬುಕಿಂಗ್ ಮೇಲೆ ಓಡಿಸಬಹುದು.

ದುಡ್ಡೆಲ್ಲಿ ಅಂತೀರಾ? ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಮೀಸಲಿದೆ. ಖರ್ಚು ಮಾಡಬೇಕಾದದ್ದು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ, ಮೇಲುಸ್ತುವಾರಿಗೆ 2022ರಲ್ಲಿ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರನ್ನು ನೇಮಿಸಲಾಯಿತು. ರಸ್ತೆ, ರೈಲು, ನೀರು, ಶಾಲೆ, ಆಸ್ಪತ್ರೆ ಎಲ್ಲ ಅದರ ವ್ಯಾಪ್ತಿಯಲ್ಲಿವೆ. ಸಂಡೂರಿನ ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಕ್ರಿಯಾ ಯೋಜನೆಯ ಪ್ರತಿ ಕೇಳಿ. ಅದರಲ್ಲಿ ಬಸ್ ಅನ್ನುವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿ.