ಹಳೆಯ ಟ್ರೇಲರಿಗೆ ಹೊಸ ಪ್ಲೈವುಡ್ ತಳವನ್ನು ಕೂಡಿಸುವ ರೀತಿ

ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ಟ್ರೇಲರಿನ ತಳವು ಭಾರದಿಂದ ಮುರಿಯುವದಕ್ಕಿಂತ ನೀರಿನಿಂದ ಕೆಡುವದೇ ಹೆಚ್ಚು. ಹಾರವಾಡದಂಥ ಊರಿನಲ್ಲಿ ಪಡುವಲಿನಿಂದ ಉಪ್ಪುಗಾಳಿ ಬೀಸುವದು. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವದು. ಅದೇ ಟ್ರೇಲರಿನಲ್ಲಿ ಗೊಬ್ಬರ, ಚಿರೆಕಲ್ಲು, ಒದ್ದೆ ಮೀನುಗಳನ್ನು ಹೇರುವರು. ಹಲಗೆಗೂ ಕಬ್ಬಿಣಕ್ಕೂ ನಡುವೆ ನಿಂತ ಉಪ್ಪುನೀರು ಎರಡನ್ನೂ ತಿನ್ನುವದು. ಮೇಲಿನಿಂದ ತಳವು ಗಟ್ಟಿಯಾಗಿಯೇ ಕಾಣುತ್ತಿದ್ದು, ಚಿರೆಕಲ್ಲು ಹೇರುವ ದಿನ ಆಳಿನ ಕಾಲು ಒಳಗಿಳಿಯುವದುಂಟು. ಆದಕಾರಣ ಜಮೀನುದಾರರು ಸುಗ್ಗಿಹಬ್ಬ ಮುಗಿದ ಬಳಿಕ ಟ್ರೇಲರಿನ ಕೆಳಗೆ ಹೊಕ್ಕು, ಬೋಲ್ಟುಗಳ ಸುತ್ತಲೂ ಹಲಗೆಯನ್ನು ಉಳಿಯಿಂದ ಚುಚ್ಚಿ ನೋಡತಕ್ಕದ್ದು. ಉಳಿಯು ಮೆತ್ತಗೆ ಇಳಿದರೆ ತಳವನ್ನು ಬದಲಿಸುವ ಕಾಲ ಬಂದಿತೆಂದು ತಿಳಿಯಬೇಕು.

ಹಳೆಯ ಹಲಗೆಯನ್ನು ತೆಗೆದೊಡನೆ ಹೊಸದನ್ನು ಕೂಡಿಸಲು ಆತುರಪಡಲಾಗದು. ಚೌಕಟ್ಟಿನ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಉಪ್ಪು ಹೋಗುವಂತೆ ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ತೆಳುವಾದ ಅಡ್ಡಪಟ್ಟಿಗಳನ್ನು ಕಡಿದು ಹೊಸದನ್ನು ಬೆಸೆಯಬೇಕು. ಅವುಗಳ ನಡುವಣ ಅಂತರ ಒಂದೂವರೆ ಅಡಿಗೆ ಮೀರಿದ್ದರೆ ದಪ್ಪ ಹಲಗೆ ಕೊಳ್ಳುವದಕ್ಕಿಂತ ಇನ್ನೊಂದು ಅಡ್ಡಪಟ್ಟಿ ಕೂಡಿಸುವದೇ ಲೇಸು. ಬೆಸುಗೆಯೆಲ್ಲ ಮುಗಿದ ಮೇಲೆ ತುಕ್ಕುನಿರೋಧಕ ಪ್ರೈಮರನ್ನೂ ಎರಡು ಕೈ ಬಣ್ಣವನ್ನೂ ಬಳಿಯತಕ್ಕದ್ದು. ಕೆಲವರು ಎಂಜಿನಿನಿಂದ ತೆಗೆದ ಕರಿ ಎಣ್ಣೆಯನ್ನು ಸವರಿ ತೃಪ್ತರಾಗುವರು. ಎಣ್ಣೆ ತಾಗಿದ ಕಬ್ಬಿಣಕ್ಕೆ ಬಣ್ಣ ಹಿಡಿಯದು.

ಹಲಗೆಯನ್ನು ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಅದರ ಮೇಲಿನ ಮುದ್ರೆಯನ್ನು ನಂಬಬೇಕು. ಐ.ಎಸ್. 710 ಎಂಬ ಮುದ್ರೆಯುಳ್ಳದ್ದು ಕಡಲ ಬಳಕೆಗೆ ತಯಾರಾದ ಪ್ಲೈವುಡ್. ಅದರ ಅಂಟು ಕುದಿಯುವ ನೀರಿಗೂ ಬಿಡದು. ಐ.ಎಸ್. 303ರ ಎಂ.ಆರ್. ದರ್ಜೆಯದು ಮನೆಯೊಳಗಿನ ಕಪಾಟಿಗೆ ತಕ್ಕುದು, ಟ್ರೇಲರಿಗಲ್ಲ. 18 ಅಥವಾ 19 ಮಿಲ್ಲಿಮೀಟರ್ ದಪ್ಪದ್ದು ಸಾಕು. ಮೇಲ್ಪದರದ ನಾರು ಅಡ್ಡಪಟ್ಟಿಗಳನ್ನು ದಾಟಿ ಹಾಯುವಂತೆ ಹಾಸಬೇಕು; ಹಲಗೆಯ ಬಲವು ಆ ದಿಕ್ಕಿನಲ್ಲಿಯೇ ಹೆಚ್ಚು. ಎರಡು ಹಲಗೆಗಳು ಕೂಡುವ ಜಾಗ ಅಡ್ಡಪಟ್ಟಿಯ ಮೇಲೆಯೇ ಬರಲಿ. ಪಟ್ಟಿ ಸಪೂರವಾಗಿದ್ದರೆ ಪಕ್ಕಕ್ಕೆ ಇನ್ನೊಂದನ್ನು ಮೊದಲೇ ಬೆಸೆದಿರಬೇಕು. ನಡುವೆ 2-3 ಮಿಲ್ಲಿಮೀಟರ್ ಸಂದು ಬಿಟ್ಟು, ಅದನ್ನು ರಬ್ಬರಿನಂತೆ ಬಳುಕುವ ಲಪ್ಪದಿಂದ ತುಂಬತಕ್ಕದ್ದು.

ಇನ್ನು ಮುಖ್ಯವಾದುದು ಕೂಡಿಸುವ ಕ್ರಮ. ಮೊದಲು ಹಲಗೆಯನ್ನು ಇಟ್ಟು, ಚೌಕಟ್ಟಿನೊಡನೆ ಒಟ್ಟಿಗೆ ತೂತು ಕೊರೆದು, ಮತ್ತೆ ಎತ್ತಿಬಿಡಬೇಕು. ಕೊಯ್ದ ಅಂಚುಗಳಿಗೂ ತೂತುಗಳ ಒಳಮೈಗೂ ಮೂರು ಕೈ ಬಣ್ಣ ಹೀರಿಸಬೇಕು. ಕಬ್ಬಿಣದ ತೂತುಗಳಿಗೂ ಬಣ್ಣ ತಾಗಿಸಬೇಕು. ಈ ಒಂದು ದಿನದ ಕೆಲಸವನ್ನು ಬಿಡುವವರೇ ಬಹಳ. ಹಲಗೆಯು ಕೊಳೆಯಲಾರಂಭಿಸುವದೂ ಅಲ್ಲಿಂದಲೇ. ಬಣ್ಣ ಒಣಗಿದ ನಂತರ 8 ಮಿಲ್ಲಿಮೀಟರಿನ, ತಲೆ ದುಂಡಗೆ ಕುತ್ತಿಗೆ ಚೌಕಾಗಿರುವ ಬೋಲ್ಟುಗಳನ್ನು ಮೇಲಿನಿಂದ ಇಳಿಸಿ, ಕೆಳಗೆ ಅಗಲ ವಾಷರನ್ನೂ ಅಲುಗಾಟಕ್ಕೆ ಸಡಿಲಾಗದ ನಟ್ಟನ್ನೂ ಬಿಗಿಯಬೇಕು. ಇವೆಲ್ಲವೂ ಕಾಸಿದ ಸತುವಿನಲ್ಲಿ ಅದ್ದಿದವುಗಳಾಗಿರಲಿ. ಅಂಚಿನಲ್ಲಿ 6ರಿಂದ 8 ಅಂಗುಲಕ್ಕೊಂದು, ನಡುವೆ ಅಡಿಗೊಂದು ಬೋಲ್ಟು ಸಾಕು. ತಾನೇ ಕೊರೆದುಕೊಂಡು ಇಳಿಯುವ ಸ್ಕ್ರೂಗಳಿಂದ ಕೆಲಸ ಬೇಗನೆ ಮುಗಿಯುವದು ನಿಜ. ಆದರೆ ತೆಳುವಾದ ಹಳೆಯ ಕಬ್ಬಿಣದಲ್ಲಿ ಅವುಗಳ ಹಿಡಿತ ಗದ್ದೆದಾರಿಯ ಅಲುಗಾಟಕ್ಕೆ ಸಡಿಲುವದು.

ಮೃಗಶಿರೆ ಮಳೆ ಹಿಡಿಯುವದರೊಳಗೆ ಇದನ್ನೆಲ್ಲ ಪೂರೈಸಿ, ಒಂದು ತಿಂಗಳ ಬಳಕೆಯ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಮೀನು ಅಥವಾ ಉಪ್ಪು ಹೇರಿದ ದಿನ ಸಂಜೆಯೇ ಟ್ರೇಲರನ್ನು ಸಿಹಿನೀರಿನಿಂದ ತೊಳೆದು, ನೀರು ಇಳಿದುಹೋಗುವಂತೆ ಹಿಂಬದಿಯನ್ನು ತಗ್ಗಿಸಿ ನಿಲ್ಲಿಸತಕ್ಕದ್ದು.