ಓದಿನ ಹೊಣೆ ಯಾರದು? ಬೆಟ್ಟದ ಪೋಡುಗಳು ಕಲಿಸುವ ಪಾಠ

ಬಿಳಿಗಿರಿರಂಗನ ಬೆಟ್ಟ: ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸಿತೆಂದರೆ ನಗರದ ಮನೆಗಳಲ್ಲಿ ಓದುತ್ತಿರುವವರು ಮಕ್ಕಳೋ, ಪೋಷಕರೋ ಎಂಬ ಅನುಮಾನ ಮೂಡುತ್ತದೆ. ವೇಳಾಪಟ್ಟಿ ಹಾಕುವವರು ಅಪ್ಪ, ಪಾಠ ಒಪ್ಪಿಸಿಕೊಳ್ಳುವವರು ಅಮ್ಮ, ಉತ್ತರ ಸಿದ್ಧಪಡಿಸಿ ಕೊಡುವವರು ಟ್ಯೂಷನ್ ಮೇಷ್ಟ್ರು. ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಕಂಠಪಾಠವೊಂದೇ.

ಇದಕ್ಕೆ ತೀರಾ ವಿರುದ್ಧವಾದ ಪರಿಸ್ಥಿತಿ ಚಾಮರಾಜನಗರ ಜಿಲ್ಲೆಯ ಈ ಬೆಟ್ಟದ್ದು. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆಯ ಜತೆಗೆ ಸೋಲಿಗ ಮಕ್ಕಳಿಗಾಗಿ ವಸತಿ ಶಾಲೆಯನ್ನೂ ಕಟ್ಟಿತು. 1994ರಲ್ಲಿ ಸುದರ್ಶನ್ ಹಾಗೂ ಕೇಂದ್ರಕ್ಕೆ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ಸಂದಿತು. ಶಾಲೆಯ ಮೊದಲ ತಲೆಮಾರಿನ ಮಕ್ಕಳಿಗೆ ಪೋಡಿನಲ್ಲಿ ಪಾಠ ಹೇಳಿಕೊಡುವವರಿರಲಿಲ್ಲ. ಅದು ಕೊರತೆಯೇ ಹೊರತು ಅನುಕೂಲವಲ್ಲ. ಆದರೂ ಸೋಲಿಗ ಸಮುದಾಯ ಇಂದು ಡಾ. ಸಿ. ಮಾದೇಗೌಡ ಅವರಂತಹ ಪಿಎಚ್.ಡಿ. ಪದವೀಧರ ಸಂಶೋಧಕರನ್ನು ಕಂಡಿದೆ.

ಕಾಡಿನ ಕಲಿಕೆಯ ಕ್ರಮ

ಸೋಲಿಗರ ಮಕ್ಕಳು ಬರಿಗೈಯಲ್ಲಿ ಶಾಲೆಗೆ ಬಂದವರಲ್ಲ. ಹೆಜ್ಜೇನು, ತುಡುವೆ ಜೇನು, ಕಡ್ಡಿಜೇನು, ನೆಸರಿ ಜೇನುಗಳ ವ್ಯತ್ಯಾಸವನ್ನು ಯಾರೂ ಅವರಿಗೆ ಬಾಯಿಪಾಠ ಮಾಡಿಸಿಲ್ಲ. ಹಿರಿಯರ ಜತೆ ನಡೆದು ನೋಡುವುದು, ಅವರ ಕಣ್ಣೆದುರು ಮಾಡುವುದು, ಕೊನೆಗೆ ತಾನೇ ಮಾಡುವುದು - ಕಾಡಿನ ಕಲಿಕೆ ಸಾಗುವುದು ಈ ಮೂರು ಮೆಟ್ಟಿಲುಗಳಲ್ಲಿ. ಹಿರಿಯರು ಹಂತಹಂತವಾಗಿ ಹಿಂದೆ ಸರಿಯುತ್ತಾರೆ, ಹೊಣೆ ಕಿರಿಯರ ಹೆಗಲೇರುತ್ತದೆ. ನಗರದ ಪೋಷಕರು ಮರೆತಿರುವುದು ಈ ಮೂರನೆಯ ಮೆಟ್ಟಿಲನ್ನು.

ಮರೆತರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದ ಫಲಿತಾಂಶವೇ ಎಚ್ಚರಿಕೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಕೃಪಾಂಕ ಹೆಚ್ಚಿಸಿದರೂ ಪರೀಕ್ಷೆ-1ರ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಪಕ್ಕದ ಆಸರೆ ತಪ್ಪಿದಾಗ ಕೈಹಿಡಿಯುವುದು ಸ್ವಂತ ಓದು ಮಾತ್ರ.

ಮುಚ್ಚಿಟ್ಟು ನೆನಪಿಸಿಕೊಳ್ಳಿ

ಸ್ವಂತ ಓದು ಎಂದರೆ ಒಂದೇ ಪಾಠವನ್ನು ಮತ್ತೆ ಮತ್ತೆ ಓದುವುದಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ಬಾರಿ ಓದಿದ ವಿದ್ಯಾರ್ಥಿಗಳಿಗೆ ಒಂದು ವಾರದ ಬಳಿಕ ಶೇ 42ರಷ್ಟು ವಿಷಯ ನೆನಪಿತ್ತು. ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಶೇ 56ರಷ್ಟು ನೆನಪಿತ್ತು. ಐದೇ ನಿಮಿಷದ ನಂತರ ಪರೀಕ್ಷಿಸಿದಾಗ ಮಾತ್ರ ಮರುಓದಿನವರೇ ಮುಂದಿದ್ದರು. ಹಿಂದಿನ ರಾತ್ರಿಯ ಓದು 'ಎಲ್ಲ ಬರುತ್ತದೆ' ಎಂಬ ಭ್ರಮೆ ಹುಟ್ಟಿಸುವುದು ಇದೇ ಕಾರಣಕ್ಕೆ.

ಪೋಷಕರು ಮಾಡಬಹುದಾದದ್ದು

* ವಾರದ ಓದಿನ ಯೋಜನೆಯನ್ನು ಮಕ್ಕಳೇ ಬರೆಯಲಿ. ಭಾನುವಾರ ಹತ್ತು ನಿಮಿಷ ಒಟ್ಟಿಗೆ ಕುಳಿತು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ಮಾತನಾಡಿ.

* 'ಎಷ್ಟು ಗಂಟೆ ಓದಿದೆ?' ಎನ್ನುವ ಬದಲು 'ಏನು ತಿಳಿಯಿತು, ನನಗೆ ಹೇಳು' ಎನ್ನಿ. ಇದಕ್ಕೆ ಪೋಷಕರಿಗೆ ಪಾಠ ಗೊತ್ತಿರಬೇಕಾಗಿಲ್ಲ, ಅಕ್ಷರವೂ ಬೇಕಾಗಿಲ್ಲ. ಕೇಳುವ ತಾಳ್ಮೆಯಿದ್ದರೆ ಸಾಕು. ವಿವರಿಸುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿಳಿದಿಲ್ಲವೆಂಬುದು ಮಕ್ಕಳಿಗೇ ಅರಿವಾಗುತ್ತದೆ.

* ಲೆಕ್ಕ ತಪ್ಪಿದರೆ ತಕ್ಷಣ ಉತ್ತರ ಹೇಳಬೇಡಿ. ಯಾವ ಹೆಜ್ಜೆಯಲ್ಲಿ ತಪ್ಪಾಯಿತೆಂದು ಅವರೇ ಹುಡುಕಲಿ.

* ಒಮ್ಮೆಲೇ ಕೈಬಿಡುವುದೂ ಸಲ್ಲದು. ಎಂಟನೇ ತರಗತಿಯಲ್ಲಿ ಒಂದು ವಿಷಯದ ಹೊಣೆ ಕೊಟ್ಟರೆ, ಹತ್ತನೇ ತರಗತಿಯ ಹೊತ್ತಿಗೆ ಎಲ್ಲ ವಿಷಯಗಳ ಹೊಣೆ ಹೊರುವ ಶಕ್ತಿ ಬರುತ್ತದೆ.

ಒಂದು ಕಿರುಪರೀಕ್ಷೆಯಲ್ಲಿ ಅಂಕ ಇಳಿದೀತು, ಮನೆಯವರಿಗೆ ಆತಂಕವಾದೀತು. ಆದರೆ ಎಡವುವುದಕ್ಕೆ ಎಂಟನೇ ತರಗತಿಯೇ ಸುರಕ್ಷಿತ ಜಾಗ. ಊರು ಬಿಟ್ಟು ಕಾಲೇಜು ಹಾಸ್ಟೆಲ್ ಸೇರಿದ ದಿನ ಪಕ್ಕದಲ್ಲಿ ಅಪ್ಪನೂ ಇರುವುದಿಲ್ಲ, ಟ್ಯೂಷನ್ ಮೇಷ್ಟ್ರೂ ಇರುವುದಿಲ್ಲ. ಅಂದು ಪುಸ್ತಕ ತೆರೆದು ತಾನೇ ಓದಿಕೊಳ್ಳಬಲ್ಲ ಮಗುವೇ ನಿಜವಾಗಿ ಓದಿದ ಮಗು.